ಪುಕ್ಕಟೆ ಗುಳಿಗೆ

ಸಂತಪುರ
೧೪ ನವೆಂಬರ್ ೨೦೨೪

ಮುದ್ದಿನ ಸುಜಿಗೆ,

ಅವ್ವನ ಮುತ್ತುಗಳು. ಕರ್ತನ ಕೃಪೆಯಿಂದ ನಾವಿಬ್ಬರೂ ಆರಾಮ. ಕಾಗದ ತಡವಾಯಿತು, ಬಯ್ಯಬೇಡ. ಆಸ್ಪತ್ರೆಯಿಂದ ಭಾಲ್ಕಿಯ ಹಾಸ್ಟೆಲ್ಲಿಗೆ ವಾಪಸು ಹೋದಾಗಿನಿಂದ ನೀನು ಫೋನ್ ಎತ್ತುತ್ತಿಲ್ಲ. ಹಟಮಾರಿ, ನನ್ನ ಹೊಟ್ಟೆಯಲ್ಲೇ ಹುಟ್ಟಿದವಳಲ್ಲವೇ!

ಅಪ್ಪ ಮನೆಗೆ ಬಂದಿದ್ದಾರೆ. ಕಿವಿಯಲ್ಲಿ ಈಗ ಯಾರೂ ಮಾತಾಡುವುದಿಲ್ಲವಂತೆ. ನಿನ್ನೆ ಅಂಗಡಿ ತೆರೆದು ಡಾಬಕಾ ಊರಿನವರೊಬ್ಬರ ಪಂಪಿನ ಮೋಟಾರು ರಿಪೇರಿ ಮಾಡಿಕೊಟ್ಟರು. ಗುಳಿಗೆಯಿಂದ ಕೈ ಸ್ವಲ್ಪ ನಡುಗುತ್ತದೆ, ಆದರೂ ಮೋಟಾರು ತಿರುಗಿತು. ನನಗೆ ಕುಣಿಯಬೇಕು ಅನ್ನಿಸಿತು ನೋಡು.

ಸ್ಕಿಜೋಫ್ರೇನಿಯಾ ಮರುಕಳಿಸಿದಾಗ ಗಾಬರಿಯಲ್ಲಿ ಬೀದರಿನ ಖಾಸಗಿ ಆಸ್ಪತ್ರೆಗೇ ಸೇರಿಸಿದ್ದೆ. ಇಪ್ಪತ್ತಮೂರು ದಿನಕ್ಕೆ ನಲವತ್ತೊಂದು ಸಾವಿರ. ನನ್ನ ಊಟ, ಆಟೋ, ಶಾಲೆಯಿಂದ ಸಂಬಳವಿಲ್ಲದ ರಜೆ, ಮುಚ್ಚಿದ ಅಂಗಡಿ, ಇವಕ್ಕೆಲ್ಲ ಯಾರು ರಸೀದಿ ಕೊಡುತ್ತಾರೆ? ನಿನ್ನ ಈ ವರ್ಷದ ಫೀಸೂ ಅದರಲ್ಲೇ ಹೋಯಿತು. ಹೆದರಬೇಡ, ನಿಮ್ಮ ಪ್ರಿನ್ಸಿಪಾಲರು ಮೂರು ಕಂತಿಗೆ ಒಪ್ಪಿದ್ದಾರೆ. ನಿನ್ನ ನರ್ಸಿಂಗ್ ನಿಲ್ಲುವುದಿಲ್ಲ.

ಪಕ್ಕದ ಮಂಚದಲ್ಲಿ ಮಗನನ್ನು ಮಲಗಿಸಿಕೊಂಡು ವಜೀರಬೀ ಎಂಬಾಕೆ ಇದ್ದಳು. ನಾನು ಬಿಲ್ಲು ಹಿಡಿದು ಕೂತರೆ ಬಯ್ಯುತ್ತಿದ್ದಳು: "ಅಕ್ಕಾರ, ಲೆಕ್ಕ ಮನಿಗಿ ಹೋಗಿ ಮಾಡ್ರಿ. ಮೊದ್ಲ ರೊಟ್ಟಿ ತಿನ್ರಿ. ನೀವೂ ಬಿದ್ರ ಇನ್ನೊಂದು ಮಂಚದ ಬಾಡಗಿ ಯಾರು ಕಟ್ಬೇಕು?" ಆ ವಾರ್ಡಿನಲ್ಲಿ ನಗಿಸಿದವಳು ಅವಳೊಬ್ಬಳೇ.

ಹೊರಡುವಾಗ ಡಾಕ್ಟರು ಹೇಳಿದರು: "ಆರಾಮ ಆದ್ರೂ ಗುಳಿಗಿ ಬಿಡಂಗಿಲ್ರಿ. ಗುಳಿಗಿ ತಗೊಂಡಿದ್ಕೇ ಆರಾಮ ಇರ್ತಾರ." ಔರಾದಿನ ಸರ್ಕಾರಿ ದವಾಖಾನೆಯಲ್ಲಿ ಅದೇ ಗುಳಿಗೆ ಪುಕ್ಕಟೆ. ಮೊದಲೂ ಅಲ್ಲಿಂದಲೇ ತರುತ್ತಿದ್ದೆವು. ಮಂಗಳವಾರ ಮತ್ತೆ ತಂದೆ.

ಅಪ್ಪ ದಿನಾ ಕೇಳುತ್ತಾರೆ: "ಸುಜಿದು ಫೋನ್ ಬಂತೇನು?" ನಾನು "ಅಕಿಗಿ ಪರೀಕ್ಷಾ ಅದಾವರಿ" ಎನ್ನುತ್ತೇನೆ. "ತಾನೇ ಗುಳಿಗಿ ಬಿಸಾಕಿದ ಮನಷ್ಯಾನ ಜೋಡಿ ನಂದೇನು ಮಾತು" ಎಂದು ಹಾಸ್ಟೆಲ್ಲಿಗೆ ಹೊರಡುವಾಗ ನೀನು ನನ್ನೆದುರು ಅಂದದ್ದನ್ನು ಅವರಿಗೆ ಹೇಗೆ ಹೇಳಲಿ?

ಹೊತ್ತಿಗೆ ಸರಿಯಾಗಿ ಉಣ್ಣು. ಕರ್ತನ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನ ಅವ್ವ,
ಮಾರ್ಗರೆಟ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಗುಳಿಗೆ ಬಿಸಾಡಿದ್ದು ಅಪ್ಪನಲ್ಲ, ನಾನು. ಆಗಸ್ಟಿನಲ್ಲಿ ಚರ್ಚಿನಲ್ಲಿ ಎದ್ದು ನಿಂತು, ನನ್ನ ಯಜಮಾನರು ಪೂರ್ತಿ ಗುಣವಾದರು ಎಂದು ಸಾಕ್ಷಿ ಹೇಳಿದ್ದೆನಲ್ಲ? ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮನೆಗೆ ಬಂದು ಗುಳಿಗೆಯ ಡಬ್ಬಿ ಕಂಡರೆ ದೇವರ ಮುಂದೆ ಸುಳ್ಳು ಹೇಳಿದಂತಾಯಿತು. ಒಲೆಗೆ ಹಾಕಿಬಿಟ್ಟೆ. "ಇನ್ನ ಬ್ಯಾಡರಿ" ಎಂದೆ, ಪಾಪ, ನಂಬಿದರು. ಆಸ್ಪತ್ರೆಯಲ್ಲಿ ನೀನು ಕೂಗಾಡಿದಾಗ ನಾನು ಬಾಯಿ ತೆರೆಯುವ ಮೊದಲೇ "ನಾನೇ ಬಿಸಾಕೀನಿ, ನಿಮ್ಮವ್ವಗ ಏನೂ ಅನಬ್ಯಾಡ" ಎಂದವರು ಅವರು. ನಾನು ಸುಮ್ಮನೆ ನಿಂತಿದ್ದೆ. ನಾಚಿಕೆಯಾಗುತ್ತದೆ, ಸುಜಿ. ಬರುವ ಭಾನುವಾರ ಅದೇ ಚರ್ಚಿನಲ್ಲಿ ಎದ್ದು ನಿಂತು ಇದನ್ನೂ ಹೇಳುತ್ತೇನೆ. ನೀನು ನನ್ನ ಮೇಲೆ ಸಿಟ್ಟು ಇಟ್ಟುಕೋ. ಅಪ್ಪನಿಗೆ ಮಾತ್ರ ಇವತ್ತೇ ಫೋನ್ ಮಾಡು.