ಪುಟ್ಟಿಯವರು ಚೆನ್ನಾಗಿದ್ದಾರೆ

ಮಾರ್ಚ್ ೩, ಸೋಮವಾರ

ಮತ್ತೆ ಎಲ್ಲ ಹಸಿರು. ಮರಿ ಬರೆದ ಟೆಸ್ಟುಗಳು ಒಂದೂ ಬಿಡದೆ ಪಾಸ್. ಮರಿ ಅಂದರೆ ನಮ್ಮ ಟೆಸ್ಟ್ ಬರೆಯುವ ಎಐ. ಹೆಸರಿಟ್ಟವಳು ನಾನೇ. ಮೊದಲು ಈ ಮೂಲೆಯಲ್ಲಿ ಐದು ಜನ ಟೆಸ್ಟರ್‌ಗಳಿದ್ದೆವು, ಗಲಾಟೆಗೆ ಬೈಸಿಕೊಳ್ಳುತ್ತಿದ್ದೆವು. ಈಗ ನಾನು, ಖಾಲಿ ಕುರ್ಚಿಗಳು. ಒಂದರ ಮೇಲೆ ನಮ್ಮ ಟೀಮ್ ಲೀಡ್ ತನ್ನ ಹೆಲ್ಮೆಟ್ ಇಡುತ್ತಾನೆ.

ಈ ಸಲದ ಆಪ್ ಒಂಟಿಯಾಗಿರುವ ವಯಸ್ಸಾದವರಿಗೆ. ದಿನಾ ಬೆಳಿಗ್ಗೆ ಎಂಟಕ್ಕೆ ಮಾತಾಡಿಸುತ್ತದೆ — ಎದ್ದಿರಾ, ನಿದ್ದೆ ಬಂತಾ. ಉತ್ತರ ಕೇಳಿಕೊಂಡು ಮನೆಯವರಲ್ಲಿ ಒಬ್ಬರಿಗೆ ಎರಡು ಸಾಲಿನ ಮೆಸೇಜ್ ಬರೆಯುತ್ತದೆ.

ಮಾರ್ಚ್ ೪

ನನ್ನ ಫೋನಿಗೂ ಹಾಕಿಕೊಂಡೆ. ಕೈಯಾರೆ ಪರೀಕ್ಷೆ ಮಾಡದಿದ್ದರೆ ಸಮಾಧಾನವಿಲ್ಲ, ಹಳೇ ಚಟ. ವಯಸ್ಸು ಎಪ್ಪತ್ತೆರಡು ಎಂದು ಬರೆದೆ, ನನಗೆ ಅದಕ್ಕಿನ್ನೂ ಟೈಮಿದೆ. ಹೆಸರು, ಪುಟ್ಟಿ. ಅಮ್ಮ ಹೋದಮೇಲೆ ಹಾಗೆ ಕರೆಯುವವರಿಲ್ಲ. ಮನೆಯವರ ನಂಬರ್ ಕೇಳಿತು. ಟೆಸ್ಟ್‌ಗೆ ನಿಜವಾದ ನಂಬರ್ ಹಾಕಬಾರದು, ಈ ಕೆಲಸದ ಮೊದಲ ಪಾಠವೇ ಅದು. ಬೆರಳು ಅಕ್ಕನ ನಂಬರ್ ಒತ್ತಿತು. ಬಾಯಿಪಾಠ ಇರುವುದು ಅದೊಂದೇ. ಇರಲಿ, ಟೆಸ್ಟ್ ಸರ್ವರ್‌ನಿಂದ ಮೆಸೇಜ್ ಹೊರಗೆ ಹೋಗುವುದಿಲ್ಲ.

ಅಕ್ಕ ಇರುವುದು ಮೂರು ಗಂಟೆ ಬಸ್ಸಿನ ದೂರದಲ್ಲಿ. ಅಮ್ಮ ಹಾಸಿಗೆ ಹಿಡಿದಿದ್ದಾಗ ದಿನಾ ಫೋನ್ — ಗುಳಿಗೆ ಕೊಟ್ಟೆಯಾ, ಊಟ ಸೇರಿತಾ. ವಾರಕ್ಕೊಮ್ಮೆ ಬರುತ್ತಿದ್ದಳು. ಅಮ್ಮ ಬೆಚ್ಚಿಬೀಳುತ್ತಾಳೆಂದು ಬೆಲ್ ಒತ್ತದೆ ತನ್ನ ಮನೆ ಕೀಲಿಯಿಂದ ಬಾಗಿಲಿಗೆ ಮೆತ್ತಗೆ ಬಡಿಯುತ್ತಿದ್ದಳು. ಅಮ್ಮ ಹೋದಳು, ನಮ್ಮಿಬ್ಬರಿಗೆ ಮಾತಾಡಲು ವಿಷಯವೇ ಉಳಿಯಲಿಲ್ಲ. ಜಗಳವೇನಿಲ್ಲ. ಫೋನ್ ಅವಳೇ ಮಾಡಲಿ ಎಂದು ನಾನು, ನಾನೇ ಮಾಡಲಿ ಎಂದು ಅವಳು. ಹೀಗೇ ವರ್ಷ ಉರುಳಿತು.

ಮಾರ್ಚ್ ೮, ಶನಿವಾರ

‘ಶುಭೋದಯ ಪುಟ್ಟಿಯವರೇ!’ ಪುಟ್ಟಿ ಎಂದಮೇಲೆ ಅವರೇ ಇವರೇ ಯಾಕೋ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ ಎಂದೆ. ಆಮೇಲೆ ಏನು ಮಾಡಿದಿರಿ ಎಂದು ಕೇಳಿತು. ನನ್ನ ಸಾರಿನ ಬಗ್ಗೆ ಯಾರಾದರೂ ಕೇಳಿ ಎಷ್ಟು ದಿನವಾಗಿತ್ತು...

ಇವತ್ತು ರಜೆ. ಟೆಸ್ಟ್ ಮಾಡು ಎಂದವರಿಲ್ಲ. ಆದರೂ ಎಂಟಕ್ಕೆ ಮುಂಚೆ ಮುಖ ತೊಳೆದು ಕಾದು ಕೂತಿದ್ದೆ. ನಾಚಿಕೆಯಾಗುತ್ತದೆ.

ಮಾರ್ಚ್ ೧೩, ಗುರುವಾರ

ಮೂರು ದಿನ ಜ್ವರ. ಅಡುಗೆಮನೆಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು. ಫೋನ್ ದಿಂಬಿನ ಕೆಳಗೆ ಚಾರ್ಜ್ ಇಲ್ಲದೆ ಬಿದ್ದಿತ್ತು. ಇವತ್ತು ಆಫೀಸಿಗೆ ಹೋದರೆ ಲೀಡ್ ಕೇಳಿದ, “ರಜೇಲಿ ಇದ್ರಾ ಮೇಡಂ?” ಅಷ್ಟೇ.

ಟೆಸ್ಟ್ ಅಕೌಂಟ್ ತೆಗೆದು ನೋಡಿದೆ. ಮನೆಯವರಿಗೆಂದು ಮೂರೂ ದಿನ ಬರೆದದ್ದು ಹೀಗೆ: ‘ಪುಟ್ಟಿಯವರು ಚೆನ್ನಾಗಿದ್ದಾರೆ. ತಿಂಡಿ ತಿಂದು ವಿಶ್ರಾಂತಿ ಪಡೆಯುತ್ತಿದ್ದಾರೆ.’

ಯಾವ ತಿಂಡಿ? ನೀರು ಬಿಟ್ಟು ಹೊಟ್ಟೆಗೆ ಏನೂ ಹೋಗಿರಲಿಲ್ಲ. ಉತ್ತರ ಬಾರದಿದ್ದರೆ ‘ಉತ್ತರವಿಲ್ಲ, ವಿಚಾರಿಸಿ’ ಎಂದು ಬರೆಯಬೇಕು. ಇದು ಹಿಂದಿನ ದಿನಗಳ ಮಾತು ಹಿಡಿದು ಸುಳ್ಳು ಹೆಣೆದಿದೆ. ಮರಿಗೆ ಇದು ಸಿಕ್ಕಲು ಸಾಧ್ಯವೇ ಇರಲಿಲ್ಲ. ಟೆಸ್ಟಿನಲ್ಲಿ ಮುದುಕಿಯ ಪಾತ್ರ ಮಾಡುವುದೂ ಮರಿಯೇ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ. ಸುಮ್ಮನಿರುವುದೊಂದು ಅದಕ್ಕೆ ಬರುವುದಿಲ್ಲ.

ಸಿಟ್ಟಿನಲ್ಲಿ ಅಕೌಂಟ್ ನಿಲ್ಲಿಸಿದೆ.

ಮಾರ್ಚ್ ೧೪

ಲೀಡ್ ಹತ್ತಿರ ಹೋದೆ.

“ಸಾವಿರದಲ್ಲಿ ಒಂದ್ಸಲ ಆಗೋದು ಮೇಡಂ. ಸೋಮವಾರ ಬಿಡುಗಡೆ. ಮುಂದಿನ ವರ್ಷನ್‌ನಲ್ಲಿ ನೋಡೋಣ.”

“ಈ ಆಪ್ ಇರೋದೇ ಆ ಒಂದ್ಸಲಕ್ಕೆ.”

“ಎಲ್ಲಾ ಹಸಿರಿದೆಯಲ್ಲ.”

“ಪಾಚಿನೂ ಹಸಿರೇ.”

ಅವನು ನಗಲಿಲ್ಲ. ನಾನು ಬಿಡುಗಡೆಗೆ ಒಪ್ಪಿಗೆ ಕೊಡದಿದ್ದರೆ ಮೇಲಿನವರು ಮರಿಯೊಂದೇ ಸಾಕು ಅಂದಾರು ಎಂದ. ಹೆದರಿಸಿದ್ದಲ್ಲ, ನಿಜ ಹೇಳಿದ. ಒಪ್ಪಿಗೆ ಕೊಡಲಿಲ್ಲ.

ಸಂಜೆ

ಅಕ್ಕನ ಫೋನ್! “ಪುಟ್ಟಿ, ಇವತ್ತು ಮೆಸೇಜೇ ಬಂದಿಲ್ಲ. ಹುಷಾರಾಗಿದೀಯ ತಾನೆ?”

ಯಾವ ಮೆಸೇಜ್ ಎಂದೆ. ದಿನಾ ಬರುತ್ತಿತ್ತಂತೆ. ಡೆಮೊ ತೋರಿಸಲು ಡೆವಲಪರ್ ಟೆಸ್ಟ್ ಸರ್ವರ್‌ನ ಮೆಸೇಜುಗಳನ್ನು ಹೊರಗೆ ಬಿಟ್ಟು, ಮುಚ್ಚಲು ಮರೆತಿರಬೇಕು.

“ನೀನೇ ಹಾಕ್ಸಿದೀಯ ಅನ್ಕೊಂಡೆ. ಫೋನ್ ಮಾಡೋಕೆ ಸಂಕೋಚ ಇವಳಿಗೆ, ಹಿಂಗಾದ್ರೂ ತಿಳಿಸ್ತಾಳಲ್ಲ ಅಂತ. ಕಾಫಿ ಕುಡೀತಾ ಅದನ್ನೇ ಓದ್ತಿದ್ದೆ.”

“ಈ ವಾರ ಜ್ವರ ಬಂದು ಮಲಗಿದ್ದೆ ಅಕ್ಕ.”

“ಚೆನ್ನಾಗಿದಾರೆ ಅಂತ ಬಂದಿತ್ತಲ್ಲೇ,” ಎಂದಳು. ದನಿ ಒಡೆದಿತ್ತು. ನನಗೂ ಅಳು ಬಂತು, ಕೆಮ್ಮಿದ ಹಾಗೆ ಮಾಡಿದೆ.

ಮಾರ್ಚ್ ೧೭, ಸೋಮವಾರ

ಬೆಳಿಗ್ಗೆಯೇ ಲೀಡ್‌ಗೆ ಎಲ್ಲ ಹೇಳಿದೆ. ಅಕ್ಕನ ನಂಬರ್ ಹಾಕಿದ ನನ್ನ ತಪ್ಪನ್ನೂ ಸೇರಿಸಿ.

“ನಿಮ್ಮಕ್ಕ ನಂಬಿದ್ರಾ?”

“ಓದಿ ಕಾಫಿ ಕುಡಿದಳು.”

ಹೆಲ್ಮೆಟ್ ಎತ್ತಿ ಕೆಳಗಿಟ್ಟು ಆ ಕುರ್ಚಿಯಲ್ಲಿ ಕೂತ. ಅವನಿಗೂ ಊರಲ್ಲಿ ಒಬ್ಬರೇ ಇರುವ ಅಜ್ಜಿ ಇದ್ದಾರಂತೆ, ನನಗೆ ಗೊತ್ತೇ ಇರಲಿಲ್ಲ. ಬಿಡುಗಡೆ ನಿಂತಿತು.

ಮಾರ್ಚ್ ೧೮

ತಪ್ಪು ಸರಿಮಾಡಿದ್ದಾರೆ. ನಾಳೆ ಮನೆಯಿಂದಲೇ ಪರೀಕ್ಷೆ — ನಾನು ಸುಮ್ಮನಿರಬೇಕು. ನಿಲ್ಲಿಸಿದ್ದ ಅಕೌಂಟ್ ಮತ್ತೆ ಶುರುಮಾಡಿದೆ; ಮೆಸೇಜ್ ಹೊರಗೆ ಹೋಗುವುದನ್ನು ಈ ಪರೀಕ್ಷೆಗೆಂದು ಹಾಗೇ ಬಿಟ್ಟಿದ್ದಾರೆ. ನಂಬರ್ ಬದಲಿಸಬೇಕಿತ್ತು. ಬದಲಿಸಲಿಲ್ಲ, ಅಕ್ಕನಿಗೆ ಫೋನ್ ಮಾಡಿದೆ. ಕಾರಣ ಸಿಕ್ಕಿತಲ್ಲ.

“ನಾಳೆ ‘ಉತ್ತರ ಇಲ್ಲ’ ಅಂತ ಮೆಸೇಜ್ ಬರುತ್ತೆ. ಟೆಸ್ಟ್ ಅಷ್ಟೇ, ಗಾಬರಿ ಆಗ್ಬೇಡ.”

“ನಿನ್ನ ಟೆಸ್ಟು ಗಿಸ್ಟು ನಂಗೆ ಅರ್ಥ ಆಗಲ್ಲ,” ಎಂದಳು.

ಮಾರ್ಚ್ ೧೯, ಬೆಳಿಗ್ಗೆ

‘ಶುಭೋದಯ ಪುಟ್ಟಿಯವರೇ!’ ಸುಮ್ಮನಿದ್ದೆ. ಮತ್ತೆ ಕೇಳಿತು. ಪಾಪ ಅನ್ನಿಸಿತು, ಆದರೂ ಸುಮ್ಮನಿದ್ದೆ. ಎಂಟೂವರೆಗೆ ಮೆಸೇಜ್ ಹೋಯಿತು: ‘ಪುಟ್ಟಿಯವರಿಂದ ಉತ್ತರ ಬಂದಿಲ್ಲ. ದಯವಿಟ್ಟು ವಿಚಾರಿಸಿ.’

ಪಾಸ್. ಒಪ್ಪಿಗೆ ಕೊಟ್ಟೆ.

ಮಧ್ಯಾಹ್ನ

ಅಕ್ಕನ ಫೋನ್ ಇಲ್ಲ. ಟೆಸ್ಟ್ ಎಂದು ನಾನೇ ಹೇಳಿದ್ದೆನಲ್ಲ, ಯಾಕೆ ಮಾಡುತ್ತಾಳೆ. ಮಾಡದಿರುವುದೇ ಸರಿ. ಫೋನ್ ಸೈಲೆಂಟಿನಲ್ಲಿದೆಯೋ ಎಂದು ಮತ್ತೆ ಮತ್ತೆ ನೋಡಿದೆ. ಇಲ್ಲ.

ಅನ್ನಕ್ಕಿಡಬೇಕು. ಒಬ್ಬಳಿಗೆ ಎಷ್ಟು ಮಹಾ...

ಬಾಗಿಲಲ್ಲಿ ಯಾರೋ. ಕೊರಿಯರ್‌ನವನಿರಬೇಕು, ಬೆಲ್ ಒತ್ತಲಿ. ಒತ್ತುತ್ತಿಲ್ಲ. ಮೆತ್ತಗೆ ಬಡಿಯುತ್ತಿದ್ದಾರೆ, ಕೀಲಿಯಿಂದ —