ಆರು ಗಜ ದೂರದ ಗಂಟೆ

ಕ್ರಾಡ್ಲಿ ಹೀತ್,
೧೮ ನವೆಂಬರ್ ೧೯೭೩, ಭಾನುವಾರ

ನಮ್ಮ ಮನೆಯ ವಿನ್ನಿಗೆ,

ಆರು ವರ್ಷದ ಮೇಲೆ ಅಕ್ಕನ ಕೈಬರಹ ಕಂಡು ಕಾಗದವನ್ನು ಒಲೆಗೆ ಹಾಕಬೇಡ. ಹಾಕುವುದಾದರೂ ಓದಿ ಹಾಕು.

ಅಪ್ಪನ ಏರ್‌ಗನ್ನನ್ನು ರಿಪೇರಿ ಮಾಡಿದೆ. ಹೌದು, ಅವರನ್ನು ಮಣ್ಣು ಮಾಡಿದ ದಿನವೇ ಯಾರಿಗೆ ಸೇರಬೇಕೆಂದು ನಾವಿಬ್ಬರೂ ಕಿತ್ತಾಡಿದೆವಲ್ಲ, ಅದೇ. ದಿಂಬಿನ ಚೀಲದಲ್ಲಿ ಸುತ್ತಿ ಬೀರುವಿನಲ್ಲಿಟ್ಟವಳು ಮತ್ತೆ ಮುಟ್ಟಿರಲಿಲ್ಲ. ಅಪ್ಪ ಗುಂಡು ಹೊಡೆಯುತ್ತಿದ್ದ ಪಬ್ಬಿನ ತಂಡಕ್ಕೆ ಈಗಲೂ ಮುದುಕ ಟಾಂಕ್ಸನೇ ನಾಯಕ. ಹೋದ ತಿಂಗಳು ಮಾಂಸದುಂಡೆ ಕೊಳ್ಳಲು ನನ್ನ ಅಂಗಡಿಗೆ ಬಂದವನು ಆ ಬಂದೂಕು ಇನ್ನೂ ಇದೆಯೇ ಎಂದು ಕೇಳಿದ. ಗಟ್ಟಿಯಾಗಿದೆ ಎಂದುಬಿಟ್ಟೆ. ಮನೆಗೆ ಹೋಗಿ ನೋಡಿದರೆ ಗುಂಡು ಕೊಳವೆಯಿಂದ ಹೊರಗೇ ಬರಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದೆ. ಒಳಗಿನ ಸ್ಪ್ರಿಂಗನ್ನು ಅದುಮಿ ಹಿಡಿದುಕೊಂಡೇ ಪಿನ್ನು ತೆಗೆಯಬೇಕಂತೆ. ನನಗೆ ಹೇಳುವವರು ಯಾರು? ಅದು ಹಾರಿ, ಚಾವಣಿಯ ಗಾರೆ ಕಿತ್ತು, ನನ್ನ ಪುಡಿಂಗಿಗೇ ಬಂದು ಬಿತ್ತು. ಪಿಸ್ಟನ್ ತುದಿಯ ಚರ್ಮದ ವಾಷರು ಹುರಿದ ಹಂದಿತೊಗಲಿನಂತೆ ಗರಿಗರಿಯಾಗಿತ್ತು. ಹೊಸದು ಕತ್ತರಿಸಿ ಎರಡು ದಿನ ಎಣ್ಣೆಯಲ್ಲಿ ನೆನೆಹಾಕಿದೆ. ಹಳೆಯ ಸ್ಪ್ರಿಂಗು ಕುಗ್ಗಿ ಸೊಟ್ಟಗಾಗಿತ್ತೆಂದು, ಸಿಕ್ಕಿದ್ದರಲ್ಲೇ ಬಲವಾದ ಹೊಸದನ್ನು ಕೂರಿಸಿದೆ. ಅಂಗಡಿಯವಳ ಬುದ್ಧಿ ನಿನಗೆ ಗೊತ್ತಲ್ಲ, ತೂಕಕ್ಕೆ ಒಂದು ಚೂರು ಹೆಚ್ಚೇ ಇರಲಿ ಎನ್ನುವುದು.

ಮೊನ್ನೆ ಗುರುವಾರ ಪಬ್ಬಿಗೆ ಒಯ್ದೆ. ಬಿಳಿ ಬಳಿದ ಆ ಉಕ್ಕಿನ ಹಲಗೆ, ನಡುವೆ ಕಿರುಬೆರಳು ತೂರುವಷ್ಟು ತೂತು, ಅದರ ಹಿಂದೆ ಗಂಟೆ, ಎಲ್ಲ ಹಾಗೇ ಇವೆ. ಹನ್ನೆರಡು ಗುಂಡು ಹೊಡೆದೆ. ಪ್ರತಿ ಸಲವೂ ಬಂದೂಕು ಭುಜಕ್ಕೆ ಒದೆಯಿತು. ಹಲಗೆ ತುಂಬ ಕಲೆ; ಗಂಟೆ ಮಾತ್ರ ಒಮ್ಮೆಯೂ ಮೊಳಗಲಿಲ್ಲ. ಟಾಂಕ್ಸ್ ಗ್ಲಾಸು ಕೆಳಗಿಟ್ಟ.

“ಆರು ಗಜ ದೂರದ ಗಂಟೆ ಬಾರ್ಸೋಕೆ ಇಷ್ಟೊಂದು ಕೋಪ ಯಾಕಮ್ಮ, ಎಡ್ನಾ? ನಿಮ್ಮಪ್ಪ ಅದನ್ನ ಮೆತ್ತಗೆ ಇಟ್ಕೊಂಡಿದ್ದ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕೋಟು ಬಿಚ್ಚದೆ ಬಹಳ ಹೊತ್ತು ಕೂತಿದ್ದೆ.

ಮರುದಿನ ಹಳೆಯ ಸ್ಪ್ರಿಂಗನ್ನೇ ನೆಟ್ಟಗೆ ಮಾಡಿ, ಗ್ರೀಸು ಹಚ್ಚಿ ಹಾಕಿದೆ. ಈಗ ಒದೆಯುವುದಿಲ್ಲ. ಆದರೂ ನನ್ನ ಕೈಯಲ್ಲಿ ಗುಂಡು ತೂತಿನ ಸುತ್ತಲೇ ಸುಳಿಯುತ್ತದೆ. ಅಪ್ಪನ ಕಣ್ಣು ಬಂದದ್ದು ನಿನಗೆ. ಬರುವ ಗುರುವಾರ ಏಳಕ್ಕೆ ಪಂದ್ಯ, ತಂಡದಲ್ಲಿ ಒಬ್ಬರು ಕಡಿಮೆ. ವಿನ್ನಿಯನ್ನು ಕರೆ ಎಂದ ಟಾಂಕ್ಸ್. ನಾವು ಮಾತು ಬಿಟ್ಟಿದ್ದೇವೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ಬಟಾಣಿ ಬೇಯಿಸಿ, ನಿನ್ನ ಹಾಸಿಗೆ ಹಾಸಿಟ್ಟಿರುತ್ತೇನೆ. ಬಾರೇ.

ನಿನ್ನ ಜಡೆ ಎಳೆದೆಳೆದೇ ನಿನ್ನನ್ನು ದೊಡ್ಡವಳನ್ನಾಗಿ ಮಾಡಿದ
ಅಕ್ಕ, ಎಡ್ನಾ

ಬರೆಯಲು ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. “ಬಂದೂಕು ವಿನ್ನಿಗೆ” ಅಂದಿದ್ದರು ಅಪ್ಪ, ಕೊನೆಯ ದಿನ. ಆಗ ಕೋಣೆಯಲ್ಲಿದ್ದವಳು ನಾನೊಬ್ಬಳೇ. ಗುರುವಾರ ನೀನು ಬಾರದಿದ್ದರೆ, ಶುಕ್ರವಾರ ಅಂಗಡಿ ಮುಚ್ಚಿ ನಾನೇ ಅದನ್ನು ನಿನ್ನ ಬಾಗಿಲಿಗೆ ತರುತ್ತೇನೆ. ನೀನು ಒಳಗೆ ಕರೆಯದಿದ್ದರೂ ಸರಿ.