ಓದದೆ ಒಯ್ದ ಕಾದಂಬರಿ

ಶಾಲೆಗಳ ತಪಾಸಣೆಗೆ ಬರುವ ಮಾನ್ಯ ಅಧಿಕಾರಿಗಳೇ,

ಒಂಬತ್ತನೇ ತರಗತಿಯ ಮಕ್ಕಳ ಕೈಗೆ ಮುನ್ನೂರು ಪುಟದ ಕಾದಂಬರಿ ಕೊಟ್ಟಿದ್ದಕ್ಕೆ ನಾನು ಲಿಖಿತವಾಗಿ ಕ್ಷಮೆ ಕೇಳಬೇಕೆಂದು ನೋಟಿಸು ಕಳಿಸಿದ್ದೀರಿ. ಕೇಳುವುದಿಲ್ಲ. ಯಾಕೆಂಬುದನ್ನು ನಾಲ್ಕು ಜನರೆದುರೇ ಹೇಳಬೇಕೆಂದು ಈ ಬಹಿರಂಗ ಪತ್ರ.

ಬ್ಯಾಡಗಿ ಹತ್ತಿರದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ಕನ್ನಡ ಶಿಕ್ಷಕಿ. ವಿದ್ಯಾರ್ಥಿನಿ ಅಂಜಲಿ ದಸರಾ ರಜೆಗೆ ಮೊದಲೇ ಶಾಲೆಯ ಕಪಾಟಿನ ನೀತಿಕಥೆಗಳನ್ನೆಲ್ಲ ಓದಿ ಮುಗಿಸಿದ್ದಳು. ಕೊನೆಯದನ್ನು ಮೇಜಿನ ಮೇಲಿಟ್ಟು, "ಟೀಚರ್, ಎರಡ ಪಾನ ಓದೂದ್ರಾಗ ಕಡೀಕ ಏನಾಕ್ಕೈತಿ ಅಂತ ತಿಳದಬಿಡತೈತ್ರಿ. ತಿಳೀಲಾರದ್ದು ಒಂದ ಕೊಡ್ರಿ" ಎಂದಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾವ ಮಗುವೂ ಹಾಗೆ ಕೇಳಿರಲಿಲ್ಲ. ಮನೆಯಿಂದ ಒಂದು ಕಾದಂಬರಿ ತಂದುಕೊಟ್ಟೆ. ಗಂಡ ಸತ್ತರೂ ಒಂದು ಹನಿ ಕಣ್ಣೀರು ಹಾಕದೆ ಊರ ಬಾಯಿಗೆ ಬಿದ್ದ ಹೆಂಗಸಿನ ಕಥೆ. ಇನ್ನೂ ನಾಲ್ವರು ತಾವೂ ಓದುತ್ತೇವೆಂದರು. ಶನಿವಾರ ಪಾಠ ಮುಗಿದ ಮೇಲೆ ಐವರೂ ಸರದಿಯಂತೆ ಗಟ್ಟಿಯಾಗಿ ಓದುತ್ತಿದ್ದರು. ಉಳಿದ ದಿನ ಪುಸ್ತಕ ಅಂಜಲಿಯ ಚೀಲದಲ್ಲಿ.

"ಆಕಿಗೆ ಗಂಡನ ಮ್ಯಾಲೆ ಪ್ರೀತಿನ ಇರಲಿಲ್ಲ, ಅದಕ್ಕ ಅಳವಲ್ಲಳು" ಎಂದ ಸಹಪಾಠಿ ಹುಲಿಗೇಶ.

"ಅಳಕೋತ ಕುಂತ್ರ ಮುಂಜಾನೆ ಕೆಲಸಕ್ಕ ಯಾರ ಹೋಗಬೇಕು?" ಎಂದಳು ಅಂಜಲಿ, ತಲೆಯೆತ್ತದೆ.

ಅವಳ ತಂದೆ ತೀರಿಕೊಂಡು ಎರಡು ವರ್ಷ. ತಾಯಿ ದೇವವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಹುಲಿಗೇಶ ಆ ಪುಟವನ್ನು ಇನ್ನೊಮ್ಮೆ ಓದಿದ.

ನೀವು ಬಂದದ್ದು ಅದರ ಮುಂದಿನ ವಾರ. ಪುಸ್ತಕವನ್ನು ನಡುವೆ ಎಲ್ಲೋ ತೆರೆದು, "ಇದರಿಂದ ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತವೆ?" ಎಂದು ಅಂಜಲಿಯನ್ನು ಕೇಳಿದಿರಿ. ಅವಳು ಸುಮ್ಮನೆ ನಿಂತಳು. ಆ ಮೌನವನ್ನೇ 'ಗ್ರಹಿಕೆಗೆ ಮೀರಿದ ಪಠ್ಯ' ಎಂದು ಬರೆದುಕೊಂಡು ಪುಸ್ತಕ ಒಯ್ದಿರಿ. ಸಾವು, ಸಂಶಯ ಮಕ್ಕಳ ವಯಸ್ಸಿಗೆ ತಕ್ಕುದಲ್ಲವಂತೆ. ಅಂಜಲಿಯ ಮನೆಗೆ ಬರುವ ಮುನ್ನ ಸಾವು ಅವಳ ವಯಸ್ಸು ಕೇಳಿತ್ತೇ?

ಹಾವೇರಿಯ ನಿಮ್ಮ ಕಚೇರಿಗೆ ದೇವವ್ವ ಕೆಲಸ ಬಿಟ್ಟು ನನ್ನೊಂದಿಗೆ ಬಂದಳು. ಹುಡುಗಿಯ ಮನಸ್ಸು ಕೆಡಬಾರದೆಂದೇ ಪುಸ್ತಕ ಒಯ್ದದ್ದು ಎಂದಿರಿ. ಆಕೆ ನಿಂತೇ ಹೇಳಿದಳು: "ಸಾಹೇಬ್ರ, ನನಗ ಓದಾಕ ಬರೂದಿಲ್ರಿ. ದಿನಾ ಆಕಿ ಓದಿ ಹೇಳತಿದ್ಲು. ಕತಿ ಅರ್ಧಕ್ಕ ನಿಂತೈತಿ. ಆ ಹೆಣ್ಮಗಳು ಕಡೀಕರ ಅತ್ತಳೋ ಇಲ್ಲೋ, ನೀವರ ಹೇಳ್ರಿ."

ನೀವು ಕಡತ ತಿರುವಿದಿರಿ. "ನಾನಿನ್ನೂ ಓದಿಲ್ಲಮ್ಮ" ಎಂದಿರಿ.

ಓದು ಬಾರದ ತಾಯಿಗೆ ಅರ್ಧ ಕಥೆ ಗೊತ್ತಿತ್ತು. ನಿಷೇಧಿಸಿದ ನಿಮಗೆ ಏನೂ ಗೊತ್ತಿರಲಿಲ್ಲ. ತಡವರಿಸುವ ಮಕ್ಕಳಿಗೆ ನಾನೂ ತೆಳು ಪುಸ್ತಕವನ್ನೇ ಕೊಡುತ್ತೇನೆ. ಮುಂದೆ ಹೋದವರನ್ನು ಹಿಂದಕ್ಕೆಳೆದು ಕೂರಿಸುವುದು ಯಾವ ಶಿಕ್ಷಣ? ಯಾರಿಗೆ ಯಾವುದು ಎಂಬುದನ್ನು ವರ್ಷವಿಡೀ ಮಕ್ಕಳ ಮುಖ ನೋಡಿದವರು ಹೇಳಬೇಕೋ, ಅರ್ಧ ಗಂಟೆ ಬಂದು ಹೋದವರೋ?

ರಾಣೇಬೆನ್ನೂರಿನ ನನ್ನ ಗೆಳತಿ ನಂದಿತಾ ಅದೇ ಕಾದಂಬರಿಯ ತನ್ನ ಪ್ರತಿ ಕಳಿಸಿದಳು. ದೇವವ್ವನ ಮನೆಯ ಕಟ್ಟೆಯ ಮೇಲೆ ಕೂತು ಓದಿದೆವು. ಆಕೆಯ ಜೊತೆಯ ಕೆಲಸದ ಹೆಂಗಸರೂ ಬಂದರು. ಕೊನೆಯ ಪುಟ ಮುಗಿದಾಗ ದೇವವ್ವ, ಗಂಡ ತೀರಿದ ಮೇಲೆ ಮೊದಲ ಸಲ, ಮಗಳೆದುರು ಅತ್ತಳು. ಆಮೇಲೆ ಮುಖ ಒರೆಸಿಕೊಂಡು, "ಅಕ್ಕೋರ, ಇದಕ್ಕಿಂತ ದಪ್ಪಂದು ಇದ್ರ ತರ್ರಿ" ಎಂದಳು.

ನೋಟಿಸು ಹಿಂದಕ್ಕೆ ಪಡೆಯಿರಿ. ಪುಸ್ತಕ ಪೂರ್ತಿ ಓದಿ, ನೀವೇ ಬಂದು ಅಂಜಲಿಯ ಕೈಗೆ ಕೊಡಿ. ಮುಂದಿನ ಕಾದಂಬರಿ ಆರಿಸಿದ್ದೇನೆ. ನಾನೂರ ಹತ್ತು ಪುಟ. ಬರುವ ಶನಿವಾರ ಓದು ಶುರು, ಶಾಲೆಯಲ್ಲೇ.

ಇಂತಿ,
ವರ್ಗಾವಣೆಯ ಆದೇಶ ಬಂದರೆ ಅದನ್ನೂ ಪೂರ್ತಿ ಓದಿಯೇ ಸಹಿ ಹಾಕುವ
ಅರುಣಾ, ಕನ್ನಡ ಶಿಕ್ಷಕಿ